ಮೊಬೈಲ್‌ನಲ್ಲಿ ಹಸಿರು ದೀಪ, ಪಂಪ್ ಹೌಸ್‌ನಲ್ಲಿ ಸುಟ್ಟ ಮೋಟರ್

"ಮೋಟರ್ ಆರೋಗ್ಯ 24 ಗಂಟೆ ಮೊಬೈಲ್‌ನಲ್ಲೇ ನೋಡಿ" ಅಂತ ಕಂಪನ, ಬಿಸಿ, ಕರೆಂಟ್ ಅಳೆಯುವ ಸೆನ್ಸರ್ ಮಾರುವವರು ಈಗ ಕಲಬುರಗಿಯ ಕಪನೂರು ಕಡೆಗೂ ಬರುತ್ತಿದ್ದಾರೆ. ಅಡ್ವಾನ್ಸ್ ಕೊಡುವ ಮುಂಚೆ ನಮ್ಮ ಕಥೆ ಓದಿ.

ನಮ್ಮ ಕೂಲಿಂಗ್ ನೀರಿನ ಪಂಪಿಗೆ 40 ಎಚ್‌ಪಿ ಮೋಟರ್. ಅವರ ಹುಡುಗ ಬಂದು ಹಿಂದಿನ ಫ್ಯಾನ್ ಕವರ್ ಮೇಲೆ ಸೆನ್ಸರ್ ಅಂಟಿಸಿ, ಫೋಟೋ ತೆಗೆದುಕೊಂಡು ಹೋದ. ಅದು ತೆಳು ತಗಡು, ತಾನೇ ನಡುಗುತ್ತೆ. ಬೇರಿಂಗ್ ಒಳಗಿನ ಸಣ್ಣ ಪೆಟ್ಟು ಅಲ್ಲಿ ಎಲ್ಲಿ ಗೊತ್ತಾಗಬೇಕು? ಬೇರಿಂಗ್ ಹೌಸಿಂಗ್ ಮೇಲೆ, ಬಣ್ಣ ಕೆರೆದು, ಬೋಲ್ಟ್ ಹಾಕಿ ಕೂರಿಸಬೇಕಿತ್ತು.

ಮೇ ತಿಂಗಳಲ್ಲಿ ನಮ್ಮ ಆಪರೇಟರ್ ಬಂದು "ಸರ್, ಬೇರಿಂಗ್ ಒದರ್ಲಿಕತ್ತದ್ರಿ" ಅಂದ. ಸ್ಕ್ರೂಡ್ರೈವರ್ ತುದಿ ಹೌಸಿಂಗ್ ಮೇಲಿಟ್ಟು ಹಿಡಿಗೆ ಕಿವಿ ಕೊಟ್ಟರೆ ಗರಗರ ಸದ್ದು. ಸೆನ್ಸರ್ ಕಂಪನಿಗೆ ಫೋನ್ ಮಾಡಿದರೆ, "ಆ್ಯಪ್‌ನಲ್ಲಿ ಹಸಿರು ಇದೆಯಲ್ಲ ಸರ್, ಸುಮ್ನೆ ಯಾಕೆ ನಿಲ್ಲಿಸ್ತೀರಿ" ಅಂದರು. ಪಂಪ್ ನಿಲ್ಲಿಸೋಕೆ ಮೇಲಿನವರು ಒಪ್ಪಲಿಲ್ಲ. ರಾತ್ರಿ ಪಾಳಿಯಲ್ಲಿ ಜಾಮ್ ಆಯಿತು. ಬಿಚ್ಚಿದರೆ 6312 ನಂಬರ್ ಬೇರಿಂಗಿನ ಗುಂಡುಗಳನ್ನು ಹಿಡಿದಿಡುವ ಕೇಜ್ ಚೂರುಚೂರು, ಗ್ರೀಸ್ ಕರ್ರಗೆ. ತಿರುಗುವ ರೋಟರ್ ಅದರ ಸುತ್ತಲಿನ ಸ್ಟೇಟರಿಗೆ ಉಜ್ಜಿ ವೈಂಡಿಂಗೇ (ಒಳಗಿನ ತಂತಿ ಸುರುಳಿ) ಹೋಗಿತ್ತು.

ಆಮೇಲೆ ಅವರ ಅಲಾರ್ಮ್ ಸೆಟ್ಟಿಂಗ್ ತೆಗೆಸಿ ನೋಡಿದೆವು. 15ರಿಂದ 75 ಕಿಲೋವ್ಯಾಟ್ ಮೋಟರಿಗೆ ಐಎಸ್‌ಒ 10816-1 ಅನ್ನೋ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ (2016ರಲ್ಲಿ ಅದರ ಜಾಗಕ್ಕೆ 20816-1 ಬಂದಿದೆ) ಕಂಪನ ಸೆಕೆಂಡಿಗೆ 7.1 ಮಿಲಿಮೀಟರ್ ದಾಟಿದರೆ ಅಪಾಯ ಅಂತಿತ್ತು. ನಮ್ಮ 40 ಎಚ್‌ಪಿ ಅಂದರೆ ಸುಮಾರು 30 ಕಿಲೋವ್ಯಾಟ್. ಇವರು ಹಾಕಿದ್ದು 11.2, ಅದು ಗಟ್ಟಿ ಅಡಿಪಾಯದ ದೊಡ್ಡ ಯಂತ್ರಗಳ ಲೆಕ್ಕ. ಹೋಗಲಿ, ಮಿತಿ ಸರಿ ಇದ್ದರೂ ಈ ಒಂದೇ ಅಳತೆ ಸಾಲದು. ಬೇರಿಂಗ್ ಸವೆತ ಮೊದಲು ಕಾಣೋದು ಹೈ ಫ್ರೀಕ್ವೆನ್ಸಿಯಲ್ಲಿ, ಅಂದರೆ ತುಂಬಾ ವೇಗದ ಸಣ್ಣ ಕಂಪನದಲ್ಲಿ. ಅದಕ್ಕೆ ಆ್ಯಕ್ಸಲರೇಶನ್ (ವೇಗ ಎಷ್ಟು ಬೇಗ ಬದಲಾಗುತ್ತೆ ಅನ್ನೋದು) ಅಳೆಯಬೇಕು. ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಅನ್ನೋ ಅಂಕಿ ಏರುವ ಹೊತ್ತಿಗೆ ಬೇರಿಂಗ್ ಅರ್ಧ ಮುಗಿದಿರುತ್ತೆ.

"ರಿಯಲ್ ಟೈಮ್" ಅಂದರೆ ಏನು ಅಂತಲೂ ಕೇಳಿ. ಬ್ಯಾಟರಿ ಉಳಿಸೋಕೆ ನಮ್ಮದು ಗಂಟೆಗೊಮ್ಮೆ ಓದುತ್ತಿತ್ತು! ಮೂರು ಫೇಸ್ ಕರೆಂಟಿನಲ್ಲಿ ಒಂದು ಹೋದರೆ, ಪಂಪ್ ನೀರಿಲ್ಲದೆ ಓಡಿದರೆ, ಗಂಟೆಗೊಮ್ಮೆ ಓದಿ ಏನು ಮಾಡೋದು? ಅದಕ್ಕೆ ಪ್ಯಾನಲ್‌ನಲ್ಲಿ ತಕ್ಷಣ ಮೋಟರ್ ನಿಲ್ಲಿಸುವ ಪ್ರೊಟೆಕ್ಷನ್ ರಿಲೇನೇ ಬೇಕು. ನೀರಿಲ್ಲದಾಗ ಕರೆಂಟ್ ಏರಲ್ಲ, ಇಳಿಯುತ್ತೆ. ಇವರ ಅಲಾರ್ಮ್ ಇದ್ದದ್ದು ಏರಿಕೆಗೆ ಮಾತ್ರ.

ಟೆಂಪರೇಚರ್ ವಿಷಯವೂ ಅಷ್ಟೇ. ಹೊರಮೈ ಬಿಸಿ ನೋಡಿ ವೈಂಡಿಂಗ್ ಬಿಸಿ ಹೇಳೋಕಾಗಲ್ಲ. ಸಾಮಾನ್ಯವಾಗಿ ಮೋಟರ್ ರೇಟಿಂಗ್ ಕೊಡೋದು ಸುತ್ತಲಿನ ಗಾಳಿ 40 ಡಿಗ್ರಿ ಅಂತ ಇಟ್ಟುಕೊಂಡು. ನಮ್ಮ ಬೇಸಿಗೆ ಅದನ್ನು ಎಷ್ಟು ಸಲ ದಾಟುತ್ತೆ ಅಂತ ನಿಮಗೇ ಗೊತ್ತಲ್ವಾ?

ರಿವೈಂಡಿಂಗ್ ಖರ್ಚು ಕೇಳಿದಾಗ ಒಪ್ಪಂದದ ಕೊನೆಯ ಪುಟ ತೋರಿಸಿದರು: ಗ್ಯಾರಂಟಿ ಸೆನ್ಸರಿಗೆ ಮಾತ್ರ. ಹಾಗಾಗಿ ಆ ಪುಟವನ್ನೇ ಮೊದಲು ಓದಿ. ಡೆಮೊಗೆ ಹೊಸ ಮೋಟರ್ ಕೊಡಬೇಡಿ, ಸದ್ದು ಮಾಡುತ್ತಿರೋ ಹಳೆಯದನ್ನೇ ತೋರಿಸಿ, ಅದರಲ್ಲಿ ಏನು ಕೆಟ್ಟಿದೆ ಅಂತ ಅವರ ಬಾಯಲ್ಲೇ ಹೇಳಿಸಿ.