ಹಳೇ ಎಂಜಿನ್ನಿಗೆ ಇರಿಡಿಯಂ ಪ್ಲಗ್ ಬೇಕೆ? ಯೆಜ್ಡಿಗೆ ಹಾಕಿ ನೋಡಿದೆ, ಮಾರುತಿಗೆ ಪ್ಲಾಟಿನಂ

ನಮ್ಮ ಮನೆಯಲ್ಲಿ ಎರಡು ಹಳೇ ಎಂಜಿನ್ ಇವೆ. ಒಂದು ಅಪ್ಪ ಕೊಂಡ 1989ರ ಯೆಜ್ಡಿ ರೋಡ್‌ಕಿಂಗ್ ಟೂ-ಸ್ಟ್ರೋಕ್ ಬೈಕ್, ಇಲ್ಲೇ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದದ್ದು. ಇನ್ನೊಂದು 1997ರ ಕಾರ್ಬ್ಯುರೇಟರ್ ಮಾರುತಿ 800. ಬಿಡಿಭಾಗದ ಅಂಗಡಿಗೆ ಹೋದಾಗಲೆಲ್ಲ "ಇರಿಡಿಯಂ ಹಾಕ್ಸಿ ಸಾರ್, ಗಾಡಿ ಹೊಸದರ ಹಾಗೆ ಓಡುತ್ತೆ" ಅನ್ನೋ ಮಾತು. ಕಿಡಿ ಹಾರಿಸಿ ಪೆಟ್ರೋಲ್ ಉರಿಸುವ ಸ್ಪಾರ್ಕ್ ಪ್ಲಗ್ಗಿನ ತುದಿ ಮಾಮೂಲಿಯದರಲ್ಲಿ ನಿಕ್ಕಲ್, ದುಬಾರಿಯದರಲ್ಲಿ ಇರಿಡಿಯಂ ಲೋಹದ್ದು. ಮಾಮೂಲಿ ಪ್ಲಗ್ಗಿಗೆ ನಾನು ಕೊಟ್ಟದ್ದು 110 ರೂಪಾಯಿ, ಇರಿಡಿಯಂಗೆ 620. ಹೆಚ್ಚಿನ ಐನೂರು ರೂಪಾಯಿ ಏನು ಕೊಡುತ್ತೆ ಅಂತ ತಿಳಿಯಲೇಬೇಕು ಅನ್ನಿಸಿತು.

ಮೊದಲು ಯೆಜ್ಡಿ. ಒಂದೇ ಬಂಕಿನ ಪೆಟ್ರೋಲ್, ಅದರಲ್ಲೇ ಬೆರೆಸಿದ್ದು ಲೀಟರಿಗೆ 40 ಮಿಲಿ ಆಯಿಲ್, ಎರಡೂ ಪ್ಲಗ್ಗಿಗೆ ಕಿಡಿ ಹಾರುವ ಗ್ಯಾಪ್ 0.6 ಮಿ.ಮೀ. ಕಾರ್ಬ್ಯುರೇಟರ್ ಮುಟ್ಟಲಿಲ್ಲ.

ಸ್ಟಾರ್ಟಿಂಗಿನಲ್ಲಿ ಇರಿಡಿಯಂ ಗೆದ್ದಿತು, ಅದರಲ್ಲಿ ಅನುಮಾನವಿಲ್ಲ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಮಾಮೂಲಿ ಪ್ಲಗ್ಗಿಗೆ ನಾಲ್ಕೈದು ಕಿಕ್ ಬೇಕಿತ್ತು, ಇರಿಡಿಯಂಗೆ ಎರಡೇ ಸಾಕು. ಮಾಮೂಲಿ ಪ್ಲಗ್ಗಿನ ನಡುವಿನ ಕಡ್ಡಿ ಸುಮಾರು 2.5 ಮಿ.ಮೀ. ದಪ್ಪ, ನಾನು ಹಾಕಿದ ಇರಿಡಿಯಂನದು 0.6. ತುದಿ ಸಣ್ಣಗಿದ್ದಷ್ಟೂ ಕಿಡಿ ಹಾರಲು ಕಡಿಮೆ ವೋಲ್ಟೇಜ್ ಸಾಕು. ಆದರೆ ಆಮೇಲೆ ಕಿಡಿಯ ಕರೆಂಟಿಗೆ ಬೇಕಾದ ಪಾಯಿಂಟ್, ಕಂಡೆನ್ಸರ್ ಎರಡನ್ನೂ ಹೊಸದು ಹಾಕಿಸಿ ಮತ್ತೆ ಮಾಮೂಲಿ ಪ್ಲಗ್ ಕೂರಿಸಿದರೆ, ಅದೂ ಎರಡನೇ ಕಿಕ್ಕಿಗೇ ಎದ್ದಿತು! ಅಂದರೆ ಸವೆದ ಪಾಯಿಂಟಿನ ದೋಷವನ್ನು ಇರಿಡಿಯಂ ಮುಚ್ಚಿಟ್ಟಿತ್ತು, ಅಷ್ಟೆ.

ಪಿಕಪ್ ನೋಡಲು ಚಾಮುಂಡಿ ಬೆಟ್ಟ ಹತ್ತಿಸಿದೆ. ಯಾವ ತಿರುವಿನಲ್ಲೂ ವ್ಯತ್ಯಾಸ ಕಾಣಲಿಲ್ಲ. ಮೈಲೇಜೂ ಅಷ್ಟೆ.

ಅಸಲಿ ಕಥೆ 1,100 ಕಿಲೋಮೀಟರ್ ಆದಮೇಲೆ ಶುರುವಾಯಿತು. ಊರೊಳಗಿನ ಸಿಗ್ನಲ್ಲೊಂದರಲ್ಲಿ ಗಾಡಿ ಮಿಸ್ಸಿಂಗ್ ಹೊಡೆದು ನಿಂತಿತು. ಬಿಚ್ಚಿದರೆ ಇರಿಡಿಯಂ ತುದಿ ಎಣ್ಣೆಯಲ್ಲಿ ಒದ್ದೆ, ಕಪ್ಪಗೆ. ಮಾಮೂಲಿ ಪ್ಲಗ್ಗೂ ಹೆಚ್ಚೂಕಮ್ಮಿ ಅಷ್ಟೇ ದೂರಕ್ಕೆ ಹೀಗಾಗುತ್ತಿತ್ತು. ಆದರೆ ಅದನ್ನು ಪೆಟ್ರೋಲಿನಲ್ಲಿ ಅದ್ದಿ, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಗ್ಯಾಪ್ ನೋಡಿ ಹಾಕಿದರೆ ಐದು ನಿಮಿಷದಲ್ಲಿ ಹೊರಡಬಹುದು. ಇರಿಡಿಯಂ ತುದಿಗೆ ತಂತಿ ಬ್ರಷ್ ತಾಗಿಸುವಂತಿಲ್ಲ, ಸೂಜಿಯಂಥ ತುದಿ ಹಾಳಾಗುತ್ತದೆ. ಪೆಟ್ರೋಲಿನಲ್ಲಿ ನೆನೆಸಿ ಊದಿ ಹಾಕಿದೆ, ಮೂರು ವಾರಕ್ಕೆ ಮತ್ತೆ ಅದೇ ಗೋಳು.

ಇರಿಡಿಯಂ ಕರಗುವುದು 2,446 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಿಕ್ಕಲ್ 1,455ರಲ್ಲಿ. ದುಬಾರಿ ಪ್ಲಗ್ಗಿಗೆ ಕೊಡುವ ಹಣದ ದೊಡ್ಡ ಪಾಲು ಹೋಗುವುದು ಈ ಬಿಸಿಗೆ ಜಗ್ಗದೆ, ಸವೆಯದೆ ಬಾಳುವ ಗುಣಕ್ಕೆ. ನನ್ನ ಯೆಜ್ಡಿಯಲ್ಲಿ ಇದುವರೆಗೆ ಒಂದು ಪ್ಲಗ್ಗೂ ಸವೆದು ಸತ್ತಿಲ್ಲ, ಎಲ್ಲವೂ ಸತ್ತದ್ದು ಎಣ್ಣೆ ಕುಡಿದು. ತುದಿ ಸುಮಾರು 500 ಡಿಗ್ರಿ ಮುಟ್ಟಿದರೆ ಮಾತ್ರ ಕಾರ್ಬನ್ ತಾನಾಗಿ ಸುಟ್ಟು ಹೋಗುತ್ತದೆ. ಊರೊಳಗೆ ಮೂವತ್ತರ ವೇಗದಲ್ಲಿ ಓಡಿಸುವ ಟೂ-ಸ್ಟ್ರೋಕಿಗೆ ಆ ಬಿಸಿ ಸಿಗುವುದೇ ಕಷ್ಟ, ತುದಿ ಯಾವ ಲೋಹದ್ದಾದರೂ.

ಹಾಗಾಗಿ ಲೋಹ ಬಿಟ್ಟು ಹೀಟ್ ನಂಬರ್, ಅಂದರೆ ಪ್ಲಗ್ ತುದಿ ಎಷ್ಟು ಬಿಸಿಯಾಗಿ ಓಡುತ್ತದೆ ಅನ್ನೋ ಗುರುತಿನ ಕಡೆ ನೋಡಿದೆ. ಅದೇ 110 ರೂಪಾಯಿಯ ಮಾಮೂಲಿ ಪ್ಲಗ್, ಒಂದು ನಂಬರ್ ಹೆಚ್ಚು ಬಿಸಿಯದು. ತುದಿ ಹಾಲು ಹಾಕಿದ ಕಾಫಿ ಬಣ್ಣಕ್ಕೆ ಬಂತು. ಒಂದೂವರೆ ಸಾವಿರ ಕಿಲೋಮೀಟರ್ ದಾಟಿದರೂ ಮಿಸ್ಸಿಂಗ್ ಇಲ್ಲ. ಇಲ್ಲಿ ಒಂದು ಎಚ್ಚರ: ಎನ್‌ಜಿಕೆಯಲ್ಲಿ ನಂಬರ್ ದೊಡ್ಡದಾದಷ್ಟೂ ಪ್ಲಗ್ ತಣ್ಣಗೆ, ಬಾಷ್‌ನಲ್ಲಿ ನಂಬರ್ ದೊಡ್ಡದಾದಷ್ಟೂ ಬಿಸಿ. ಕಂಪನಿ ಬದಲಿಸುವಾಗ ಇದನ್ನು ತಿರುಗುಮುರುಗು ಮಾಡಿಕೊಂಡು ಬಿಸಿ ಪ್ಲಗ್ ಹಾಕಿ ಘಾಟಿ ಹತ್ತಿಸಿದರೆ ಪಿಸ್ಟನ್ ತೂತಾಗಬಹುದು. ದಯವಿಟ್ಟು ಪ್ಲಗ್ ಕಂಪನಿಯ ಪಟ್ಟಿ ನೋಡಿಯೇ ಹಾಕಿ.

ಮಾರುತಿಯ ಕಥೆ ಚಿಕ್ಕದು. ಅದರ ಪಿಸ್ಟನ್ ರಿಂಗ್ ಬದಲಿಸಿ ಎಂಜಿನ್ ಕೆಲಸ ಮಾಡಿಸಿದ್ದೆ, ಎಣ್ಣೆ ಕುಡಿಯುತ್ತಿರಲಿಲ್ಲ. ಮೂರು ಸಿಲಿಂಡರಿಗೂ ಪ್ಲಾಟಿನಂ ತುದಿಯ ದುಬಾರಿ ಪ್ಲಗ್ ಹಾಕಿದೆ. ಮಾಮೂಲಿ ಪ್ಲಗ್ಗಿನ ಗ್ಯಾಪ್ 15,000 ಕಿಲೋಮೀಟರಿಗೆ ಕಣ್ಣಿಗೆ ಕಾಣುವಷ್ಟು ಅಗಲವಾಗಿತ್ತು. ಪ್ಲಾಟಿನಂ 30,000 ಓಡಿದ ಮೇಲೂ ಗ್ಯಾಪ್ ಅಳೆಯುವ ಫೀಲರ್ ಗೇಜ್ ಬಿಗಿಯಾಗಿಯೇ ಕೂರುತ್ತದೆ. ಇಲ್ಲಿ ಕೊಟ್ಟ ದುಡ್ಡು ವಾಪಸ್ ಬಂತು. ನಿಮ್ಮ ಕಾರಿನ ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತಿದ್ದರೆ, ಅಂದರೆ ಎಂಜಿನ್ ಎಣ್ಣೆ ಕುಡಿಯುತ್ತಿದ್ದರೆ ಮಾತ್ರ ಆ ದುಡ್ಡನ್ನು ರಿಂಗಿಗೆ ಎತ್ತಿಡಿ.

ಆ ಇರಿಡಿಯಂ ಪ್ಲಗ್ ಎಸೆದಿಲ್ಲ. ಹುಣಸೂರು ದಾಟಿ ಮಡಿಕೇರಿಗೆ ಹೋಗುವ ಹಿಂದಿನ ಸಂಜೆ ಬಿಸಿ ಪ್ಲಗ್ ಬಿಚ್ಚಿ ಅದನ್ನು ಹಾಕುತ್ತೇನೆ. ಉದ್ದ ದಾರಿಯಲ್ಲಿ ಎಂಜಿನ್ ಚೆನ್ನಾಗಿ ಕಾಯುವುದರಿಂದ ಹೋಗಿ ಬರುವವರೆಗೂ ತುದಿ ಸ್ವಚ್ಛವಾಗಿಯೇ ಇರುತ್ತದೆ. ಬಿಚ್ಚಿದ ಮಾಮೂಲಿ ಪ್ಲಗ್ ಬಟ್ಟೆಯಲ್ಲಿ ಸುತ್ತಿಕೊಂಡು ಟೂಲ್ ಬಾಕ್ಸಿನಲ್ಲಿ ಕೂರುತ್ತದೆ.