ವಾಚಿನ ಗೀರಿಗೆ ಒಂದು ಪುಟ್ಟ ಟ್ಯೂಬು, ಒಂದು ತುಂಡು ಬಟ್ಟೆ: ಬಳಸಿ ನೋಡಿದ ಮೇಲೆ

5 ಗ್ರಾಂ ಅಷ್ಟೇ. ವಾಚಿನ ಗಾಜಿನ ಗೀರು ಉಜ್ಜಿ ತೆಗೆಯುವ ಪೇಸ್ಟ್, ಪಾಲಿವಾಚ್ ಟ್ಯೂಬು ಕೈಗೆ ಬಂದಾಗ ಇಷ್ಟರಲ್ಲಿ ಏನು ಕೆಲಸ ಆದೀತು ಅಂದುಕೊಂಡಿದ್ದೆ. ಆಮೇಲೆ ಅಪ್ಪನ ಹಳೇ ಕೀ ಕೊಡುವ ವಾಚು, ನನ್ನದೊಂದು, ಚಿಕ್ಕಪ್ಪನದೊಂದು ಅಂತ ಮೂರು ವಾಚಿನ ಗಾಜು ಉಜ್ಜಿಯಾಯಿತು. ಟ್ಯೂಬಿನಲ್ಲಿ ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳಿದಿದೆ.

ಅಪ್ಪನ ವಾಚಿನ ಗಾಜು ಎಷ್ಟು ಹಾಳಾಗಿತ್ತು ಅಂದರೆ, ಬಿಸಿಲಿಗೆ ಹಿಡಿದರೆ ಡಯಲ್ ಮೇಲಿನ ಅಂಕಿಗಳೇ ಮಂಕಾಗಿ, ಸಣ್ಣ ಮುಳ್ಳು ಎಲ್ಲಿದೆ ಅಂತ ಹುಡುಕಬೇಕಾಗುತ್ತಿತ್ತು. ಗಾಜು ಅಂತ ಬಾಯಿಮಾತಿಗೆ ಹೇಳಿದೆ, ಅದು ನಿಜವಾಗಿ ಅಕ್ರಿಲಿಕ್, ಅಂದರೆ ಒಂದು ಥರದ ಪ್ಲಾಸ್ಟಿಕ್. ಹಳೇ ವಾಚುಗಳಲ್ಲಿ ಬಹುಪಾಲು ಇದೇ ಇರುತ್ತದೆ. 1969ರಲ್ಲಿ ಚಂದ್ರನ ಮೇಲೆ ಬಜ್ ಆಲ್ಡ್ರಿನ್ ಕಟ್ಟಿಕೊಂಡಿದ್ದ ಒಮೆಗಾ ಸ್ಪೀಡ್‌ಮಾಸ್ಟರ್‌ನಲ್ಲಿ ಇದ್ದದ್ದೂ ಪ್ಲಾಸ್ಟಿಕ್ಕೇ. ಪೆಟ್ಟು ಬಿದ್ದರೂ ಗಾಜಿನ ಹಾಗೆ ಪುಡಿಯಾಗಿ ಚೂರು ಹಾರುವುದಿಲ್ಲ ಅನ್ನೋದು ಇದರ ದೊಡ್ಡ ಗುಣ. ಬೇಗ ಗೀರು ಬೀಳುತ್ತದೆ, ಆದರೆ ಮೆತ್ತಗಿರುವುದರಿಂದ ಉಜ್ಜಿದರೆ ಅಷ್ಟೇ ಬೇಗ ಹೋಗುತ್ತದೆ.

ನಿಮ್ಮ ವಾಚಿನದು ಯಾವುದು ಅಂತ ನೋಡೋಕೆ ಉಗುರಿನಲ್ಲಿ ಮೆಲ್ಲಗೆ ತಟ್ಟಿ. ಸದ್ದು ಮಂದವಾಗಿದ್ದು, ಕೆನ್ನೆಗೆ ಒತ್ತಿದಾಗ ಗಾಜಿನಷ್ಟು ತಣ್ಣಗೆ ಅನಿಸದಿದ್ದರೆ ಅದು ಅಕ್ರಿಲಿಕ್. ಈ ಟ್ಯೂಬು ಅದಕ್ಕೆ ಮಾತ್ರ. ಅದೇ ಕಂಪನಿ ಗಾಜಿಗೆ ಅಂತ ಬೇರೆ ಪೇಸ್ಟ್ ಮಾಡುತ್ತದೆ, ಎರಡನ್ನೂ ಒಂದೇ ಅಂದುಕೊಂಡು ತರಿಸಬೇಡಿ.

ನಾನು ಮಾಡಿದ್ದು ಹೀಗೆ. ಮೊದಲು ಧೂಳು ಒರೆಸಿದೆ. ಇದನ್ನು ಬಿಡಲೇಬೇಡಿ, ಯಾಕೆಂದರೆ ಒಂದು ಮರಳಿನ ಕಣ ಪೇಸ್ಟಿನ ಜೊತೆ ಸೇರಿಕೊಂಡರೂ ಇರುವ ಗೀರು ಹೋಗುವ ಬದಲು ಹೊಸದು ಬೀಳುತ್ತದೆ. ಗಾಜಿನ ಸುತ್ತಲಿನ ಲೋಹಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿದೆ, ಕೀ ಒಳಗೆ ಒತ್ತಿಕೊಂಡಿದೆಯಾ ನೋಡಿದೆ. ಆಮೇಲೆ ಅಕ್ಕಿಕಾಳಿನಷ್ಟು ಪೇಸ್ಟ್ ಹಾಕಿ, ಹಳೇ ಹತ್ತಿ ಬನಿಯನ್ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು, ಗೀರಿಗೆ ಅಡ್ಡಲಾಗಿ ಎರಡು ಮೂರು ನಿಮಿಷ ಸ್ವಲ್ಪ ಒತ್ತಿಯೇ ಉಜ್ಜಿದೆ. ಮೊದಲ ಸಲ ಒರೆಸಿ ನೋಡಿದಾಗ ಅರ್ಧ ಗೀರು ಇರಲಿಲ್ಲ! ಮೂರನೇ ಸುತ್ತಿಗೆ ಡಯಲ್ ಮೇಲಿನ ಸಣ್ಣ ಅಕ್ಷರವೂ ಓದುವ ಹಾಗಾಯಿತು. ಅಪ್ಪ ಕನ್ನಡಕ ಹಾಕಿಕೊಳ್ಳದೆ ಟೈಮ್ ಹೇಳಿದರು, ನನಗೆ ಅಷ್ಟು ಸಾಕಾಗಿತ್ತು.

ಪೇಸ್ಟು ಗೀರನ್ನು ತುಂಬಿಸುತ್ತದೆ ಅಂತ ಕೆಲವರು ಅಂದುಕೊಂಡಿದ್ದಾರೆ. ಹಾಗಲ್ಲ. ಸುತ್ತಲಿನ ಪ್ಲಾಸ್ಟಿಕ್ ಒಂಚೂರು ಸವೆದು ಗೀರಿನ ತಳದ ಮಟ್ಟಕ್ಕೆ ಬರುತ್ತದೆ, ಅದಕ್ಕೇ ಗೀರು ಕಾಣದಂತಾಗುತ್ತದೆ. ಉಗುರು ಸಿಕ್ಕಿಹಾಕಿಕೊಳ್ಳುವಷ್ಟು ಆಳದ ಗೀರಿದ್ದರೆ ಪೇಸ್ಟ್ ಒಂದರಿಂದ ಹೋಗುವುದಿಲ್ಲ. ಅದಕ್ಕೆ ಮೊದಲು 2000 ನಂಬರಿನ ನುಣುಪಾದ ಉಪ್ಪುಕಾಗದವನ್ನು ಒದ್ದೆ ಮಾಡಿಕೊಂಡು ಹಗುರವಾಗಿ ಉಜ್ಜಬೇಕು. ಗಾಜು ಪೂರ್ತಿ ಹಾಲಿನ ಬಣ್ಣಕ್ಕೆ ತಿರುಗಿ ಎದೆ ಧಸಕ್ಕೆನ್ನುತ್ತದೆ, ಹೆದರಬೇಡಿ, ಪೇಸ್ಟ್ ಹಾಕಿ ಉಜ್ಜುತ್ತಾ ಹೋದರೆ ತಿಳಿಯಾಗುತ್ತದೆ.

ಟೂತ್‌ಪೇಸ್ಟ್ ಸಾಕಲ್ವಾ ಅಂತ ಕೇಳುವವರಿಗೆ: ಆಗುತ್ತದೆ. ಅದರಲ್ಲೂ ಸಿಲಿಕಾ ಇಲ್ಲವೇ ಕ್ಯಾಲ್ಸಿಯಂ ಕಾರ್ಬೊನೇಟಿನ ನಯವಾದ ಪುಡಿ ಇರುತ್ತದೆ. ನಾನು ಚಿಕ್ಕಪ್ಪನ ವಾಚಿನ ಅರ್ಧ ಭಾಗಕ್ಕೆ ಅದನ್ನೇ ಹಾಕಿ ನೋಡಿದೆ. ಹೊತ್ತು ಜಾಸ್ತಿ ಹಿಡಿಯಿತು, ಹೊಳಪು ಸ್ವಲ್ಪ ಕಡಿಮೆ, ಆಮೇಲೆ ಅಂಚಿನಲ್ಲಿ ಸೇರಿಕೊಂಡ ಪೇಸ್ಟ್ ತೆಗೆಯೋಕೆ ಒದ್ದೆ ಬಟ್ಟೆ ಬೇಕಾಯಿತು. ಹಳೇ ವಾಚಿನ ಹತ್ತಿರ ನೀರು ಬೇಡ ಅನ್ನೋನು ನಾನು. ಅಸಿಟೋನ್ ಥರದ ದ್ರಾವಣದಲ್ಲಂತೂ ಅಕ್ರಿಲಿಕ್ ಒರೆಸಲೇಬೇಡಿ, ಕೂದಲೆಳೆಯಂಥ ಬಿರುಕು ಬಿಡುತ್ತದೆ.

ಮಿನರಲ್ ಗಾಜಿನ, ಅಂದರೆ ಪ್ಲಾಸ್ಟಿಕ್ ಅಲ್ಲದ ನಿಜವಾದ ಗಾಜಿನ ವಿಷಯದಲ್ಲಿ ದುಡ್ಡು ಕಳೆದುಕೊಂಡೆ. ಯಾವ ಗಾಜಿನ ಗೀರಾದರೂ ಹೋಗುತ್ತದೆ ಅಂತ ಡಬ್ಬದ ಮೇಲೆ ಬರೆದಿದ್ದ ಸೀರಿಯಂ ಆಕ್ಸೈಡ್ (ಗಾಜು ಉಜ್ಜುವ ಪುಡಿ) ಕಿಟ್ ತರಿಸಿ, ಒಂದು ಗಂಟೆ ಕೈಯಲ್ಲೇ ಉಜ್ಜಿದೆ. ಬೆರಳು ನೋವು ಬಂತೇ ಹೊರತು ಗೀರು ಅಲ್ಲೇ ಇತ್ತು. ಸೀರಿಯಂ ಆಕ್ಸೈಡ್ ಗಾಜಿಗೆ ಹೊಳಪು ಕೊಡುವುದು ನಿಜ, ಆದರೆ ತಿರುಗುವ ಫೆಲ್ಟ್ ಚಕ್ರ, ನೀರು, ತಾಳ್ಮೆ ಮೂರೂ ಬೇಕು. ಅದರ ಬದಲು ಗಾಜನ್ನೇ ಬದಲಾಯಿಸುವುದು ಸುಲಭ. ಕೆಲವು ವಾಚುಗಳಲ್ಲಿ ಗಾಜಿನ ಬದಲು ಇರುವ ಸಫೈರ್, ಅಂದರೆ ಕೃತಕ ನೀಲಮಣಿ ಆದರೆ ಇನ್ನೂ ಗಟ್ಟಿ. ಗಟ್ಟಿತನ ಅಳೆಯುವ ಮೋಸ್ ಅಳತೆಯಲ್ಲಿ ಅದು 9, ವಜ್ರ 10, ಮನೆಯಲ್ಲಿರುವ ಯಾವ ಪೇಸ್ಟೂ ಅದನ್ನು ಮುಟ್ಟುವುದಿಲ್ಲ. ಸಫೈರ್ ಮೇಲೆ ಗೆರೆ ಕಂಡರೆ ಅದು ಎಷ್ಟೋ ಸಲ ಬೇರೆ ಲೋಹ ತಾಗಿ ಮೆತ್ತಿಕೊಂಡ ಕಲೆ ಇರುತ್ತದೆ. ಮೊದಲು ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಉಜ್ಜಿ ನೋಡಿ.

ಇನ್ನು ಕೇಪ್ ಕಾಡ್ ಬಟ್ಟೆ, ಲೋಹಕ್ಕೆ. ಪೊಟ್ಟಣ ಬಿಚ್ಚಿದರೆ ವೆನಿಲಾ ವಾಸನೆ, ಬಟ್ಟೆ ಸ್ವಲ್ಪ ಹಸಿಯಾಗಿರುತ್ತದೆ. ಕನ್ನಡಿಯಂತೆ ಹೊಳೆಯುವ ಸ್ಟೀಲ್ ಮೇಲೆ ಒಂದೆರಡು ನಿಮಿಷ ಉಜ್ಜಿದರೆ ಕಪ್ಪು ಬರುತ್ತದೆ, ಅದನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಕೂದಲೆಳೆಯ ಗೀರುಗಳು ಮಾಯ. ಕೈಗೆ ಗ್ಲೋವ್ಸ್ ಹಾಕಿಕೊಳ್ಳಿ. ಕೆಲಸ ಚೆನ್ನಾಗಿ ಮಾಡುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಎಲ್ಲಿ ಉಜ್ಜುತ್ತೀರಿ ಅನ್ನೋದು ಬಹಳ ಮುಖ್ಯ. ಸ್ಟೀಲ್ ವಾಚುಗಳಲ್ಲಿ ಕೆಲವು ಭಾಗ ಹೊಳೆಯುತ್ತಿರುತ್ತದೆ, ಕೆಲವು ಭಾಗದಲ್ಲಿ ಒಂದೇ ದಿಕ್ಕಿಗೆ ಎಳೆದ ಸಣ್ಣ ಗೆರೆಗಳಿದ್ದು ಮಂದವಾಗಿರುತ್ತದೆ. ನಾನು ಹುರುಪಿನಲ್ಲಿ ಚೈನಿನ ಲಾಕ್ ಮೇಲಿನ ಗೀರನ್ನೂ ಉಜ್ಜಿದೆ, ಆ ಗೆರೆಗಳ ನಡುವೆ ನಾಣ್ಯದಷ್ಟು ಅಗಲದ ಜಾಗ ಫಳಫಳ ಅನ್ನತೊಡಗಿತು, ಗೀರಿಗಿಂತ ಅದೇ ಕಣ್ಣಿಗೆ ಹೊಡೆಯುತ್ತಿತ್ತು. ಎರಡು ದಿನ ಬೇಜಾರಾಯಿತು. ಕೊನೆಗೆ ಸ್ಕಾಚ್‌ಬ್ರೈಟ್ ಪ್ಯಾಡನ್ನು ಹಳೇ ಗೆರೆಗಳ ದಿಕ್ಕಿಗೇ, ಹಿಂದೆಮುಂದೆ ಆಡಿಸದೆ, ಒಂದೇ ಕಡೆಗೆ ಎಳೆದೆಳೆದು ಸರಿಮಾಡಿದೆ. ಪೂರ್ತಿ ಮೊದಲಿನ ಹಾಗಾಗಲಿಲ್ಲ.

ಚಿನ್ನದ ಲೇಪವಿರುವ ವಾಚು, ಕಪ್ಪು ಬಣ್ಣ ಕೂರಿಸಿದ ವಾಚು, ಇವೆರಡಕ್ಕೆ ಈ ಬಟ್ಟೆ ತಾಗಿಸಲೇಬೇಡಿ. ಮೇಲಿನ ಪದರ ಬರೀ ಮೈಕ್ರಾನ್ ಲೆಕ್ಕದ್ದು, ಗೀರಿನ ಜೊತೆ ಅದೂ ಹೋಗಿ ಒಳಗಿನ ಲೋಹ ಇಣುಕುತ್ತದೆ. ಸ್ಟೀಲಾದರೂ ಪ್ರತಿ ಸಲ ಉಜ್ಜಿದಾಗ ಒಂದಿಷ್ಟು ಲೋಹ ಸವೆಯುತ್ತದೆ, ಚೂಪಾದ ಅಂಚುಗಳು ದುಂಡಗಾಗುತ್ತವೆ. ಹಳೇ ವಾಚು ಕೂಡಿಡುವವರು ಉಜ್ಜದೇ ಬಿಟ್ಟ ವಾಚಿಗೇ ಜಾಸ್ತಿ ಬೆಲೆ ಕೊಡುವುದು ಅದಕ್ಕೇ.

ಪಾಲಿವಾಚ್ ಮುಗಿದರೆ ಮತ್ತೆ ತರಿಸುತ್ತೇನೆ, ಅಕ್ರಿಲಿಕ್ ಗಾಜಿನ ವಾಚು ಇರುವ ಯಾರಿಗಾದರೂ ಧೈರ್ಯವಾಗಿ ಹೇಳುತ್ತೇನೆ. ಕೇಪ್ ಕಾಡ್ ಪೊಟ್ಟಣವನ್ನು ಗಾಳಿ ಆಡದ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ, ಇಲ್ಲದಿದ್ದರೆ ಬಟ್ಟೆ ಒಣಗಿಬಿಡುತ್ತದೆ. ಒಂದು ಬಟ್ಟೆಯಿಂದ ಕತ್ತರಿಸಿದ ಎರಡು ಬೆರಳಗಲದ ತುಂಡೇ ಇನ್ನೂ ಮುಗಿದಿಲ್ಲ, ಇನ್ನೊಂದು ಪೊಟ್ಟಣ ಬೇಕಾಗುವಷ್ಟು ಸ್ಟೀಲ್ ಉಜ್ಜುವ ಮನಸ್ಸೂ ಈಗ ಇಲ್ಲ.