ಲೈನ್‌ಮನೆಗೆ ಕ್ಯಾನ್ಸರ್ ತಪಾಸಣೆ: ಮಡಿಕೇರಿಯ ಕಾಲೇಜೋ, ಬೆಂಗಳೂರಿನ ಸಂಸ್ಥೆಯೋ?

ಕೊಡಗಿನ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ, ಅಂದರೆ ಸಾಲುಮನೆಗಳಲ್ಲಿ, ಇರುವ ಕಾರ್ಮಿಕರಿಗೆ ತಪಾಸಣೆ ಮಾಡಿಸಬೇಕೆಂದಿರುವ ಪಂಚಾಯಿತಿ, ಸ್ತ್ರೀಶಕ್ತಿ ಸಂಘಗಳು ಯಾರ ಜೊತೆ ಕೈಜೋಡಿಸಬೇಕು: ಮಡಿಕೇರಿಯ ಮೆಡಿಕಲ್ ಕಾಲೇಜೋ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯೋ?

ಯಂತ್ರ, ತಜ್ಞರ ಮಾತು ಬಂದರೆ ಕಿದ್ವಾಯಿಯೇ ಮೇಲು. 1973ರಿಂದ ಅದಕ್ಕೆ ಕ್ಯಾನ್ಸರ್ ಒಂದೇ ಕೆಲಸ. ಆದರೆ ಮಡಿಕೇರಿಯಿಂದ ಸುಮಾರು 250 ಕಿ.ಮೀ. ದೂರ.

ತಪಾಸಣೆಗೆ ಅಷ್ಟೆಲ್ಲ ಬೇಕಾಗೂ ಇಲ್ಲ. ಎಲೆಅಡಿಕೆ, ಹೊಗೆಸೊಪ್ಪು ಜಗಿಯುವವರ ಬಾಯಿ ನೋಡಲು ಟಾರ್ಚ್ ಮತ್ತು ಪಳಗಿದ ಕಣ್ಣು ಸಾಕು. ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾದರೆ ಅನುಮಾನದ ಜಾಗ ಬೆಳ್ಳಗೆ ಕಾಣುತ್ತದೆ. ತರಬೇತಿ ಪಡೆದ ನರ್ಸ್ ಇದನ್ನು ಮಾಡಬಲ್ಲರು.

ಕಷ್ಟ ಇರುವುದು ಜನರನ್ನು ಕರೆತರುವುದರಲ್ಲಿ. ಕಾಫಿ ಕುಯ್ಲಿನಲ್ಲಿ ಕೂಲಿ ಕೆ.ಜಿ. ಲೆಕ್ಕ, ಚೀಲ ಬಿಟ್ಟು ಯಾರು ಬರುತ್ತಾರೆ ಹೇಳಿ? ಸಂತೆ ದಿನ ಕ್ಯಾಂಪ್ ಇಟ್ಟರೂ ಅಷ್ಟೇ. ಯರವ ಬುಡಕಟ್ಟಿನ ಹೆಂಗಸರಿಗೆ ಅವರ ಮಾತಿನಲ್ಲೇ ಹೇಳುವವರು ಬೇಕು, ಅಸ್ಸಾಮಿನಿಂದ ಬಂದವರಿಗೆ ಹಿಂದಿಯವರು. ಇದಕ್ಕೆಲ್ಲ ಹತ್ತಿರದ ಮೆಡಿಕಲ್ ಕಾಲೇಜೇ ಸರಿ. ಆಶಾ ಕಾರ್ಯಕರ್ತೆಯರ ಜೊತೆ ಮತ್ತೆ ಮತ್ತೆ ಬರಬಹುದು. ವರ್ಷಕ್ಕೊಮ್ಮೆ ವ್ಯಾನ್ ತಂದು ಫೋಟೋ ಹೊಡೆಸಿಕೊಂಡು ಹೋಗುವುದು ಸುಮ್ನೆ ಜಾತ್ರೆ, ಅಲ್ವಾ?

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2001ರಲ್ಲಿ ದೊಡ್ಡ ಕ್ಯಾನ್ಸರ್ ಕೇಂದ್ರಗಳನ್ನು, ಹಿಂದುಳಿದ ಸಮುದಾಯದವರು ಜಾಸ್ತಿ ಓದುವ ಕಾಲೇಜುಗಳ ಜೊತೆ ಜೋಡಿಸಲು ಶುರು ಮಾಡಿತು. ಇಲ್ಲೂ ಹಾಗೇ ಮಾಡಿ: ತಪಾಸಣೆಗೆ ಮಡಿಕೇರಿ, ಚಿಕಿತ್ಸೆಗೆ ಕಿದ್ವಾಯಿ. ಬಯಾಪ್ಸಿ (ಅನುಮಾನದ ಜಾಗದ ಚೂರು ತೆಗೆದು ಮಾಡುವ ಪರೀಕ್ಷೆ) ಆದವರನ್ನು ಬೆಂಗಳೂರಿಗೆ ಕರೆದೊಯ್ಯುವವರು ಯಾರು, ಬಸ್ ಖರ್ಚು, ಕಳೆದ ಕೂಲಿ ಯಾರದು ಅನ್ನೋದನ್ನು ಮೊದಲೇ ಬರೆಸಿಕೊಳ್ಳಿ.